ಖಾಲಿಯೂ ಸೊನ್ನೆಯೂ ಒಂದಲ್ಲ

ದಾವಣಗೆರೆಯಿಂದ ಜಗಳೂರಿನ ಕಡೆ ಹೊರಟರೆ ಬಿಳಿಚೋಡು ಸಿಗುತ್ತದೆ. ಬಯಲುಸೀಮೆಯ ಹೋಬಳಿ ಊರು. ಮಳೆ ನಂಬಿ ಮೆಕ್ಕೆಜೋಳ, ಶೇಂಗಾ, ಈರುಳ್ಳಿ ಹಾಕುವ ಸೀಮೆ. ಮಳೆ ಕೈಕೊಟ್ಟರೆ ಬೋರ್‌ವೆಲ್ಲಿನ ಕಡೆ ಮುಖ ಮಾಡುವ ಸೀಮೆ. ನೀರು ಎಷ್ಟು ಅಡಿಗೆ ಸಿಕ್ಕಿತು ಎಂದು ನೆರೆಹೊರೆಯವರು ಕೇಳಿದರೆ, ಎಷ್ಟು ಸ್ಟೇಜಿನ ಪಂಪು ಬೇಕು ಎಂದು ಪಂಪಿನ ಅಂಗಡಿಯವರು ಕೇಳುತ್ತಾರೆ. ಎರಡೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ. ಸಬ್‌ಮರ್ಸಿಬಲ್ ಪಂಪಿನ ಹೊಟ್ಟೆಯೊಳಗೆ ಇಂಪೆಲ್ಲರುಗಳು ಒಂದರ ಮೇಲೊಂದು ಕೂತಿರುತ್ತವೆ. ಒಂದೊಂದು ಸ್ಟೇಜೂ ನೀರಿಗೆ ತನ್ನ ಪಾಲಿನ ಒತ್ತಡ ಸೇರಿಸಿ ಮೇಲಿನದಕ್ಕೆ ದಾಟಿಸುತ್ತದೆ. ನೀರು ಆಳಕ್ಕೆ ಇಳಿದಷ್ಟೂ ಸ್ಟೇಜು ಹೆಚ್ಚಬೇಕು, ಸ್ಟೇಜು ಹೆಚ್ಚಿದಷ್ಟೂ ಅವುಗಳನ್ನು ಹೊತ್ತ ಶಾಫ್ಟು ಉದ್ದವಾಗಬೇಕು. ನೀರಿನ ಜೊತೆ ಮರಳು ಬಂದರೆ ಶಾಫ್ಟನ್ನು ಹಿಡಿದಿರುವ ಬುಷ್‌ಗಳು ಸವೆಯುತ್ತವೆ. ಪಂಪು ಮೇಲೆತ್ತಿಸಿ, ಬಿಚ್ಚಿಸಿ, ಹೊಸ ಬುಷ್ ಹಾಕಿಸಬೇಕು.

ಬುಷ್ ಎಂದರೆ ಏನು? ಒಂದು ಗಟ್ಟಿ ಉಂಗುರ. ಅದಕ್ಕೊಂದು ಹೊರವ್ಯಾಸ, ಒಂದು ಒಳವ್ಯಾಸ, ಒಂದು ಉದ್ದ. ಲೇತ್ ಅಂಗಡಿಯ ಭಾಷೆಯಲ್ಲಿ ಓಡಿ, ಐಡಿ, ಲೆಂತ್. ಸಾವಿರ ಬಗೆಯ ಬುಷ್ ಮಾಡಿದರೂ ಮಾಡುವ ಬಗೆ ಒಂದೇ: ಮುಖ ಹೊಡೆ, ಹೊರಗೆ ಟರ್ನ್ ಮಾಡು, ಒಳಗೆ ಬೋರ್ ಮಾಡು, ಅಂಚು ಮುರಿ, ಕತ್ತರಿಸು. ಕೈಯಿಂದ ನಡೆಸುವ ಲೇತಿನ ಮುಂದೆ ನಿಂತ ಮೇಸ್ತ್ರಿ ‘ಹೇಗೆ’ ಎಂಬುದನ್ನು ಕೈಯಲ್ಲಿ ಇಟ್ಟುಕೊಂಡಿರುತ್ತಾನೆ, ‘ಎಷ್ಟು’ ಎಂಬುದನ್ನು ಗಿರಾಕಿ ತಂದ ಹಳೆಯ ಬುಷ್‌ಗೆ ವರ್ನಿಯರ್ ಹಿಡಿದು ತಿಳಿದುಕೊಳ್ಳುತ್ತಾನೆ. ಈ ಎರಡನ್ನು ಬೇರೆ ಮಾಡುವುದು ಅವನಿಗೆ ಎಷ್ಟು ಸಹಜವೆಂದರೆ, ಬೇರೆ ಮಾಡುತ್ತಿದ್ದೇನೆ ಎಂದೂ ಅವನಿಗೆ ಅನಿಸುವುದಿಲ್ಲ. ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಲೇತಿಗೆ ಇದನ್ನು ಕಲಿಸಬೇಕಾಗುತ್ತದೆ. ಹಾಗೆ ಕಲಿಸುವ ಕೆಲಸಕ್ಕೆ ಮ್ಯಾಕ್ರೋ ಪ್ರೋಗ್ರಾಮಿಂಗ್ ಎಂದು ಹೆಸರು. ಅದರ ಕಷ್ಟದ ಭಾಗ ‘ಹೇಗೆ’ ಎಂಬುದರಲ್ಲಿಲ್ಲ. ‘ಎಷ್ಟು’ ಎಂಬುದನ್ನು ಯಂತ್ರಕ್ಕೆ ಒಪ್ಪಿಸುವ ಕ್ರಮದಲ್ಲಿದೆ, ಅದಕ್ಕಿಂತ ಹೆಚ್ಚಾಗಿ ಒಪ್ಪಿಸದೆ ಬಿಟ್ಟಾಗ ಏನಾಗಬೇಕು ಎಂಬುದರಲ್ಲಿದೆ.

ಇದನ್ನು ದಾವಣಗೆರೆ ಜಿಲ್ಲೆಯಲ್ಲಿ ಕೂತು ಬರೆಯುವುದಕ್ಕೆ ಕಾರಣವಿದೆ. ಇಲ್ಲಿಯ ಹರಿಹರಕ್ಕೂ ಲೇತಿಗೂ ಹಳೆಯ ನಂಟು. 1223-24ರ ಸುಮಾರಿಗೆ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಸ್ಥಾನದ ಮಂಟಪದಲ್ಲಿರುವ ಕಂಬಗಳನ್ನು ಕಲಾ ಇತಿಹಾಸಕಾರರು ಲೇತಿನಲ್ಲಿ ತಿರುಗಿಸಿದ ಕಂಬಗಳೆಂದೇ ಕರೆಯುತ್ತಾರೆ. ಒಳಗಿನವು ಪೂರ್ಣ ಕಂಬ, ಅಂಚಿನ ಗೋಡೆಯ ಮೇಲೆ ನಿಂತವು ಅರ್ಧ ಕಂಬ. ಎತ್ತರ ಬೇರೆಯಾದರೂ ಒಂದೇ ಕೈಚಳಕದ ಕೆಲಸವೆಂದು ನೋಡಿದವರಿಗೆ ಗೊತ್ತಾಗುತ್ತದೆ. ಅದೇ ಊರಿನಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ನೆಲೆಯೂರಿತು. ಅದು ತಯಾರಿಸಿದ ಲೇತುಗಳು ದೇಶದ ಉದ್ದಗಲಕ್ಕೂ ಹೋದವು. ಅದರ ವಿಳಾಸವೇ ಯಂತ್ರಾಪುರ. ಬೆಂಗಳೂರಿನಲ್ಲಿ ಎಚ್‌ಎಂಟಿ ಬಂದದ್ದು 1953ರಲ್ಲಿ, ಅಂದರೆ ಹರಿಹರದ ಲೇತಿಗೆ ಹನ್ನೆರಡು ವರ್ಷ ಹಿರಿತನ. ಕಿರ್ಲೋಸ್ಕರ್ ಕಾರ್ಖಾನೆ ಈಗ ಇಲ್ಲ. ಆದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಎಲ್ಲರೂ ಜಿಟಿಟಿಸಿ ಎನ್ನುವುದು, ಹರಿಹರದಲ್ಲೂ ಇದೆ. ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯ ಹುಡುಗ ಹುಡುಗಿಯರು ಡಿಪ್ಲೊಮಾ ಮುಗಿಸಿ ಪೀಣ್ಯಕ್ಕೋ ಶಿವಮೊಗ್ಗದ ಮಾಚೇನಹಳ್ಳಿಗೋ ಕೆಲಸಕ್ಕೆ ಸೇರಿದಾಗ ಅವರೆದುರು ನಿಲ್ಲುವುದು ಸಿಎನ್‌ಸಿ ಲೇತು. ಈ ಅಧ್ಯಾಯ ಅವರಿಗಾಗಿಯೂ ಹೌದು.

ಯಂತ್ರಕ್ಕೆ ಅಂಕೆಗಳ ಮೂಲಕ ಚಲನೆ ಹೇಳಿಕೊಡುವ ವಿದ್ಯೆ ಅಮೆರಿಕದಲ್ಲಿ ಶುರುವಾಯಿತು. ಹೆಲಿಕಾಪ್ಟರಿನ ರೆಕ್ಕೆಗಳ ವಕ್ರ ಆಕಾರವನ್ನು ಕರಾರುವಾಕ್ಕಾಗಿ ಕೊರೆಯಬೇಕಿದ್ದ ಜಾನ್ ಪಾರ್ಸನ್ಸ್ ಇದರ ಬೆನ್ನು ಹತ್ತಿದರು. 1952ರಲ್ಲಿ ಎಂಐಟಿಯ ಸರ್ವೋಮೆಕ್ಯಾನಿಸಂ ಪ್ರಯೋಗಾಲಯ ಇಂಥ ಮಿಲ್ಲಿಂಗ್ ಯಂತ್ರವನ್ನು ನಡೆಸಿ ತೋರಿಸಿತು. ಆಗ ಅಂಕೆಗಳು ರಂಧ್ರ ಕೊರೆದ ಟೇಪಿನಲ್ಲಿ ಇರುತ್ತಿದ್ದವು. 60 ಮಿ.ಮೀ. ಬುಷ್‌ಗೆ ಒಂದು ಟೇಪು, 62ಕ್ಕೆ ಇನ್ನೊಂದು. ಅಳತೆ ಮತ್ತು ವಿಧಾನ ಒಂದರೊಳಗೊಂದು ಬೆಸೆದುಹೋಗಿದ್ದವು. ಕಂಟ್ರೋಲ್ ಪೆಟ್ಟಿಗೆಯೊಳಗೆ ಕಂಪ್ಯೂಟರ್ ಬಂದ ಮೇಲಷ್ಟೇ ಅಂಕೆಯ ಜಾಗದಲ್ಲಿ ಒಂದು ಖಾನೆಯನ್ನು ಇಟ್ಟು, ಖಾನೆಯೊಳಗಿನ ಬೆಲೆಯನ್ನು ಆಮೇಲೆ ತುಂಬುವುದು ಸಾಧ್ಯವಾಯಿತು. ನಮ್ಮ ವರ್ಕ್‌ಶಾಪುಗಳಲ್ಲಿ ಹೆಚ್ಚಾಗಿ ಕಾಣುವುದು ಜಪಾನಿನ ಫ್ಯಾನಕ್ ಕಂಟ್ರೋಲ್. ಹಾಗಾಗಿ ಇಲ್ಲಿಯ ಉದಾಹರಣೆಗಳೆಲ್ಲ ಅದರವು. ಯಂತ್ರದ ಕೀಲಿಗಳ ಮೇಲಿರುವುದು ರೋಮನ್ ಅಕ್ಷರ. ಓದುವ ಅನುಕೂಲಕ್ಕೆ ಅವನ್ನು ಇಲ್ಲಿ ಉಚ್ಚರಿಸಿದಂತೆ ಕನ್ನಡದಲ್ಲಿ ಬರೆದಿದ್ದೇನೆ.

ನಮ್ಮ ಬುಷ್‌ನ ಮ್ಯಾಕ್ರೋ ಪ್ರೋಗ್ರಾಮಿಗೆ 9010 ಎಂಬ ನಂಬರು ಕೊಟ್ಟಿದ್ದೇವೆ ಎಂದುಕೊಳ್ಳಿ. ಅದನ್ನು ಕರೆಯುವ ಸಾಲು ಹೀಗಿರುತ್ತದೆ:

ಜಿ65 ಪಿ9010 ಎ60. ಬಿ40. ಸಿ50. ಡಿ65. ಕ್ಯೂ2. ಎಫ್0.2

ಜಿ65 ಎಂದರೆ ಮ್ಯಾಕ್ರೋ ಕರೆ. ಪಿ ಎಂದರೆ ಯಾವ ಪ್ರೋಗ್ರಾಮು. ಉಳಿದವೆಲ್ಲ ನಾವು ಒಪ್ಪಿಸುವ ಬೆಲೆಗಳು: ಓಡಿ 60, ಐಡಿ 40, ಉದ್ದ 50, ತಂದ ಕಚ್ಚಾ ಸರಳಿನ ವ್ಯಾಸ 65, ಒಂದು ಸಲಕ್ಕೆ ವ್ಯಾಸದಲ್ಲಿ ತೆಗೆಯಬೇಕಾದ ಕಟ್ 2 ಮಿ.ಮೀ., ಚಕ್ ಒಂದು ಸುತ್ತು ತಿರುಗಿದಾಗ ಟೂಲ್ ಸರಿಯಬೇಕಾದ ಫೀಡ್ 0.2 ಮಿ.ಮೀ. ಮ್ಯಾಕ್ರೋದ ಒಳಗೆ ಈ ಅಕ್ಷರಗಳು ಉಳಿಯುವುದಿಲ್ಲ. ಎ ಎಂಬುದು #1 ಎಂಬ ಖಾನೆಗೆ ಹೋಗಿ ಕೂರುತ್ತದೆ, ಬಿ #2ಕ್ಕೆ, ಸಿ #3ಕ್ಕೆ. ಡಿ ಮಾತ್ರ #4ಕ್ಕೆ ಹೋಗುವುದಿಲ್ಲ, #7ಕ್ಕೆ ಹೋಗುತ್ತದೆ. ಕ್ಯೂ #17ಕ್ಕೆ, ಎಫ್ #9ಕ್ಕೆ.

ಕಲಿಯುವವರು ಇಲ್ಲಿ ತಬ್ಬಿಬ್ಬಾಗುತ್ತಾರೆ. ತಲೆಬುಡವಿಲ್ಲದ ಪಟ್ಟಿ, ಬಾಯಿಪಾಠ ಮಾಡಬೇಕು ಎಂದು ಬಿಟ್ಟುಬಿಡುತ್ತಾರೆ. ಹಾಗಿಲ್ಲ, ಅದಕ್ಕೊಂದು ಲೆಕ್ಕವಿದೆ. ಇಂಗ್ಲಿಷ್ ವರ್ಣಮಾಲೆಯನ್ನು ಸಾಲಾಗಿ ಬರೆಯಿರಿ. ಅದರಿಂದ ಐ, ಜೆ, ಕೆ ಮೂರನ್ನು ಕಿತ್ತು ಸಿ ಆದ ತಕ್ಷಣ ಇಡಿ. ಈಗ ಒಂದರಿಂದ ಎಣಿಸಿ: ಎ, ಬಿ, ಸಿ 1ರಿಂದ 3, ಐ, ಜೆ, ಕೆ 4ರಿಂದ 6, ಡಿ 7, ಇ 8, ಎಫ್ 9. ಮುಂದಿನದು ಜಿ, 10. ಆದರೆ ಜಿ ಎಂಬುದು ಯಂತ್ರಕ್ಕೆ ಆಜ್ಞೆಯ ಅಕ್ಷರ, ಅದನ್ನು ಬೆಲೆ ಹೊರುವುದಕ್ಕೆ ಬಿಟ್ಟುಕೊಡುವಂತಿಲ್ಲ. ಹಾಗಾಗಿ ಆ ಜಾಗ ಬಿಟ್ಟು ಎಚ್ 11ಕ್ಕೆ ಹೋಗುತ್ತದೆ. ಎಲ್, ಎನ್, ಓ, ಪಿ ಕೂಡ ಹೀಗೆಯೇ ಬೇರೆ ಕೆಲಸಕ್ಕೆ ಮೀಸಲು, ಅವುಗಳ ಜಾಗವೂ ಅಕ್ಷರವಿಲ್ಲದೆ ಉಳಿಯುತ್ತದೆ. ಎಂ 13, ಕ್ಯೂ 17, ಆರ್ 18, ಕೊನೆಗೆ ಝಡ್ 26. ಎಂ ದಾಟಿದ ಮೇಲೆ ವರ್ಣಮಾಲೆಯ ಕ್ರಮಸಂಖ್ಯೆಯೇ ಖಾನೆಯ ಸಂಖ್ಯೆ. ಇಪ್ಪತ್ತಾರರಲ್ಲಿ ಐದು ಹೋಗಿ ಇಪ್ಪತ್ತೊಂದು ಅಕ್ಷರ ನಮ್ಮ ಕೈಗೆ ಸಿಗುತ್ತವೆ.

ಐ, ಜೆ, ಕೆ ಮುಂದಕ್ಕೆ ಬಂದದ್ದೇಕೆ? ಬೆಲೆ ಒಪ್ಪಿಸುವುದಕ್ಕೆ ಎರಡನೆಯ ಕ್ರಮವೂ ಇದೆ. ಅದರಲ್ಲಿ ಎ, ಬಿ, ಸಿ ಒಂದೊಂದೇ ಸಲ. ಆಮೇಲೆ ಐ, ಜೆ, ಕೆ ಎಂಬ ಮೂವರ ಗುಂಪನ್ನು ಹತ್ತು ಸಲ ಬರೆಯಬಹುದು. ಒಂದು ವಕ್ರದ ಮೇಲಿನ ಹತ್ತು ಬಿಂದುಗಳನ್ನು ಕೊಡುವಾಗ ಇದು ಅನುಕೂಲ. ಮೂರು, ಅದರ ಮೇಲೆ ಹತ್ತು ಮೂರಲಿ ಮೂವತ್ತು: ಒಟ್ಟು ಮೂವತ್ತಮೂರು. ಈ ಖಾನೆಗಳು, ಅಂದರೆ ಲೋಕಲ್ ವೇರಿಯಬಲ್ಲುಗಳು, #1ರಿಂದ #33ರವರೆಗೆ ಇರುವುದು ಇದಕ್ಕೆ ಸರಿಹೊಂದುತ್ತದೆ. ಒಂದು ಎಚ್ಚರಿಕೆ: ಎರಡನೆಯ ಐ ಹೋಗುವುದೂ #7ಕ್ಕೆ, ಡಿ ಹೋಗುವುದೂ #7ಕ್ಕೆ. ಒಂದೇ ಸಾಲಿನಲ್ಲಿ ಎರಡೂ ಬಂದರೆ ಯಂತ್ರ ತಕರಾರು ಮಾಡುವುದಿಲ್ಲ, ಕೊನೆಗೆ ಬರೆದದ್ದನ್ನು ಇಟ್ಟುಕೊಂಡು ಮೊದಲಿನದನ್ನು ಅಳಿಸುತ್ತದೆ. ಎರಡು ಕ್ರಮಗಳನ್ನು ಬೆರೆಸಲೇಬಾರದು ಎಂಬುದು ನನ್ನ ಅಭಿಪ್ರಾಯ. ಬೆರೆಸಿ ಉಳಿಸುವ ಸಮಯಕ್ಕಿಂತ ತಪ್ಪು ಹುಡುಕುವ ಸಮಯ ಯಾವಾಗಲೂ ದೊಡ್ಡದು.

ಚುಕ್ಕಿಯ ವಿಷಯ ಇನ್ನೂ ನವಿರಾದದ್ದು. ಮೇಲಿನ ಸಾಲಿನಲ್ಲಿ ‘ಎ60’ ಅಂತ ಬರೆದಿಲ್ಲ, ‘ಎ60.’ ಅಂತ ಬರೆದಿದೆ. ಕರೆಯುವ ಸಾಲಿನಲ್ಲಿ ದಶಮಾಂಶ ಚುಕ್ಕಿ ಬಿಟ್ಟರೆ ಯಂತ್ರ ಆ ಅಂಕಿಯನ್ನು ತನ್ನ ಅತಿ ಸಣ್ಣ ಏಕಮಾನದಲ್ಲಿ ಎಣಿಸಬಹುದು. ಸಾಮಾನ್ಯ ಸೆಟ್ಟಿಂಗಿನಲ್ಲಿ ಅದು ಒಂದು ಮೈಕ್ರಾನ್. ಆಗ 60 ಎಂದರೆ 60 ಮೈಕ್ರಾನ್, ಅಂದರೆ 0.06 ಮಿ.ಮೀ. ಅದೇ ಮ್ಯಾಕ್ರೋದ ಒಳಗೆ ‘#1=60’ ಎಂದು ಬರೆದರೆ ಅದು 60 ಮಿಲಿಮೀಟರೇ; ಅಲ್ಲಿ ಚುಕ್ಕಿ ಬೇಕಿಲ್ಲ. ಒಂದೇ ಅಂಕಿ, ಬರೆದ ಜಾಗ ಬೇರೆ, ಬೆಲೆಯಲ್ಲಿ ಸಾವಿರ ಪಟ್ಟು ವ್ಯತ್ಯಾಸ. ಕೆಲವು ಯಂತ್ರಗಳ ಸೆಟ್ಟಿಂಗ್ ಬೇರೆ ಇರುತ್ತದೆ, ಅಲ್ಲಿ ಚುಕ್ಕಿ ಬಿಟ್ಟರೂ ನಡೆಯುತ್ತದೆ. ಅಂಥ ಯಂತ್ರದಲ್ಲಿ ಕಲಿತವರು ಬೇರೆ ಯಂತ್ರಕ್ಕೆ ಹೋದಾಗಲೇ ಅಪಾಯ. ಎಲ್ಲಿದ್ದರೂ ಚುಕ್ಕಿ ಹಾಕುವ ರೂಢಿ ಮಾಡಿಕೊಂಡರೆ ಈ ತೊಂದರೆಯೇ ಇಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಯಾರೋ ಕ್ಯೂ ಬರೆಯುವುದನ್ನೇ ಮರೆತರು. ಆಗ #17ರ ಒಳಗೆ ಏನಿರುತ್ತದೆ?

ಸೊನ್ನೆ ಎಂದು ಅನಿಸುವುದು ಸಹಜ. ಫ್ಯಾನಕ್‌ನಲ್ಲಿ ಸೊನ್ನೆ ಇರುವುದಿಲ್ಲ, ಅದು ಖಾಲಿ ಇರುತ್ತದೆ. ಖಾಲಿತನವನ್ನು ಸೂಚಿಸುವುದಕ್ಕೇ #0 ಎಂಬ ಒಂದು ಖಾನೆ ಇದೆ. ಅದು ಸದಾ ಖಾಲಿ, ಅದರೊಳಗೆ ಯಾರೂ ಏನನ್ನೂ ಹಾಕುವಂತಿಲ್ಲ. ಬೇರೆ ಖಾನೆ ಖಾಲಿಯೋ ಎಂದು ತಿಳಿಯಬೇಕಾದರೆ ಇದರ ಜೊತೆ ಹೋಲಿಸಬೇಕು.

ಮಳೆಯ ಲೆಕ್ಕ ನೋಡುತ್ತ ಬಂದ ಜಗಳೂರು ತಾಲೂಕಿನವರಿಗೆ ಈ ಭೇದವನ್ನು ವಿವರಿಸಬೇಕಾಗಿಲ್ಲ. ರಾಜ್ಯದಲ್ಲಿ 1988ರಲ್ಲಿ ಬರ ಉಸ್ತುವಾರಿ ಘಟಕ ಸ್ಥಾಪನೆಯಾಯಿತು. ಅದೇ ಬೆಳೆದು ಇವತ್ತಿನ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಹೋಬಳಿ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳಿವೆ. ಮಳೆಯ ದಾಖಲೆಯಲ್ಲಿ ಒಂದು ದಿನದ ಎದುರು 0 ಎಂದಿದ್ದರೆ ಅಳೆದು ನೋಡಲಾಗಿದೆ, ಮಳೆ ಬಿದ್ದಿಲ್ಲ ಎಂದರ್ಥ. ಜಾಗ ಖಾಲಿ ಇದ್ದರೆ ಅಳೆದಿಲ್ಲ ಎಂದರ್ಥ. ಅಂದು ಮಳೆ ಸುರಿದಿದ್ದರೂ ಸುರಿದಿರಬಹುದು. ಖಾಲಿ ಜಾಗಕ್ಕೆಲ್ಲ ಸೊನ್ನೆ ಹಾಕಿ ಸರಾಸರಿ ತೆಗೆದರೆ ಇಲ್ಲದ ಬರವೊಂದು ಕಾಗದದ ಮೇಲೆ ಹುಟ್ಟಿಬಿಡುತ್ತದೆ. ಸೊನ್ನೆ ಒಂದು ಉತ್ತರ. ಖಾಲಿ ಎಂದರೆ ಉತ್ತರ ಬಂದಿಲ್ಲ.

ಲೇತಿನಲ್ಲಿ ಈ ಭೇದ ಲೋಹಕ್ಕೆ ತಗಲುತ್ತದೆ. ‘ಜಿ00 ಎಕ್ಸ್#24 ಝಡ್#26’ ಎಂಬ ಸಾಲು ಇದೆ ಎನ್ನಿ. ಜಿ00 ಎಂದರೆ ಪೂರ್ತಿ ವೇಗದಲ್ಲಿ ಓಡು. #26 ಖಾಲಿ ಇದ್ದರೆ ಯಂತ್ರ ಝಡ್ ಎಂಬ ಮಾತನ್ನೇ ಬಿಟ್ಟು ಎಕ್ಸ್ ದಿಕ್ಕಿನಲ್ಲಿ ಮಾತ್ರ ಚಲಿಸುತ್ತದೆ. #26ರಲ್ಲಿ ಸೊನ್ನೆ ಇದ್ದರೆ ಝಡ್ ಸೊನ್ನೆಗೆ ಓಡುತ್ತದೆ, ಅಂದರೆ ಜಾಬಿನ ಮುಖಕ್ಕೆ. ಅಲ್ಲಿ ಇನ್ನೂ ಕೊರೆಯದ ಒಂದು ಮಿಲಿಮೀಟರ್ ಲೋಹ ಉಳಿದಿದ್ದರೆ ಟೂಲಿನ ತುದಿಯ ಇನ್ಸರ್ಟು ಚೂರಾಗುತ್ತದೆ.

ಆದರೆ ಲೆಕ್ಕ ಮಾಡುವಾಗ ಯಂತ್ರ ಇಷ್ಟು ಶಿಸ್ತಾಗಿ ನಡೆದುಕೊಳ್ಳುವುದಿಲ್ಲ. ಕೂಡು, ಕಳೆ, ಗುಣಿಸು ಎಂದಾಗ ಖಾಲಿಯನ್ನು ಸೊನ್ನೆ ಎಂದೇ ಹಿಡಿದುಬಿಡುತ್ತದೆ. ಹೋಲಿಕೆಯಲ್ಲೂ ಅಷ್ಟೆ: ‘ಸಮವೇ’, ‘ಸಮವಲ್ಲವೇ’ ಎಂಬ ಎರಡು ಪ್ರಶ್ನೆಗಳಲ್ಲಿ ಮಾತ್ರ ಖಾಲಿ ಬೇರೆ, ಸೊನ್ನೆ ಬೇರೆ, ದೊಡ್ಡದೇ, ಚಿಕ್ಕದೇ ಎಂಬ ಪ್ರಶ್ನೆಗಳಲ್ಲಿ ಎರಡೂ ಒಂದೇ. ಈ ಇಬ್ಬಗೆಯ ನಡತೆಯಿಂದ ಏನಾಗುತ್ತದೆ ಎಂಬುದನ್ನು ಬುಷ್‌ನ ಹೊರಮೈ ಟರ್ನ್ ಮಾಡುವ ಸಾಲುಗಳಲ್ಲಿ ನೋಡೋಣ (ಜಿಟಿ ಎಂದರೆ ದೊಡ್ಡದೇ, ಎಲ್‌ಟಿ ಎಂದರೆ ಚಿಕ್ಕದೇ; ಮುಂದೆ ಬರುವ ಇಕ್ಯೂ ಎಂದರೆ ಸಮವೇ, ಜಿಇ ಎಂದರೆ ದೊಡ್ಡದೋ ಸಮವೋ):

#30=#7
ವೈಲ್ [#30 ಜಿಟಿ #1] ಡೂ1
#30=#30-#17
ಇಫ್ [#30 ಎಲ್‌ಟಿ #1] ದೆನ್ #30=#1
ಜಿ00 ಎಕ್ಸ್#30
ಜಿ01 ಝಡ್-#3 ಎಫ್#9
ಜಿ00 ಯು1.
ಜಿ00 ಝಡ್2.
ಎಂಡ್1

ಕಚ್ಚಾ ವ್ಯಾಸ 65ರಿಂದ ಶುರು. ಈಗಿನ ವ್ಯಾಸ ಬೇಕಾದ 60ಕ್ಕಿಂತ ದೊಡ್ಡದಿರುವ ತನಕ ಎರಡೆರಡು ಮಿಲಿಮೀಟರ್ ಕಡಿಮೆ ಮಾಡುತ್ತ ಹೋಗು. 60ಕ್ಕಿಂತ ಕೆಳಗಿಳಿದರೆ 60ಕ್ಕೇ ನಿಲ್ಲಿಸು. ಮೊದಲ ಕಟ್ 63, ಆಮೇಲೆ 61, ಮುಂದಿನದು 59 ಆಗಬೇಕಿತ್ತು, ನಾಲ್ಕನೆಯ ಸಾಲು ಅದನ್ನು ತಡೆದು 60 ಮಾಡುತ್ತದೆ. ಮೂರು ಕಟ್ಟಿಗೆ ಬುಷ್‌ನ ಹೊರಮೈ ಸಿದ್ಧ.

ಕ್ಯೂ ಮರೆತರೆ? 65ರಿಂದ ಖಾಲಿಯನ್ನು ಕಳೆದರೆ 65. ಟೂಲ್ ಕಚ್ಚಾ ಮೈಯನ್ನು ಸವರಿಕೊಂಡು ಹೋಗಿ ಬರುತ್ತದೆ. ಮತ್ತೆ 65, ಮತ್ತೆ ಅದೇ ದಾರಿ. ಯಾರಾದರೂ ಬಂದು ರೀಸೆಟ್ ಒತ್ತುವ ತನಕ ಅದು ನಿಲ್ಲುವುದಿಲ್ಲ. ಅಲಾರಂ ಇಲ್ಲ, ಕೆಂಪು ದೀಪ ಇಲ್ಲ. ದೂರದಿಂದ ನೋಡಿದವರಿಗೆ ಯಂತ್ರ ದುಡಿಯುತ್ತಿರುವಂತೆಯೇ ಕಾಣುತ್ತದೆ. ಎ ಮರೆತರೆ ಇನ್ನೂ ಕೆಟ್ಟದ್ದು. ಗುರಿ ಖಾಲಿ, ‘ದೊಡ್ಡದೇ’ ಎಂಬ ಪ್ರಶ್ನೆಗೆ ಖಾಲಿ ಎಂದರೆ ಸೊನ್ನೆ. 63, 61, 59 ಎಂದು ಕೇಂದ್ರದ ಕಡೆಗೆ ತಿನ್ನುತ್ತಾ ಹೋಗುತ್ತದೆ. ಎಫ್ ಮರೆತಾಗ ಆಗುವುದು ಕಣ್ಣಿಗೆ ಬೀಳದ ಹಾನಿ: ಖಾಲಿಯಾದ ಎಫ್ ಅನ್ನು ಯಂತ್ರ ಬಿಟ್ಟುಬಿಡುತ್ತದೆ, ಹಿಂದೆ ಚಾಲ್ತಿಯಲ್ಲಿದ್ದ ಫೀಡ್ ಮುಂದುವರಿಯುತ್ತದೆ. ಜಾಬ್ ಆಗುತ್ತದೆ, ಅಳತೆ ಸರಿ ಇರುತ್ತದೆ, ಮೈ ಮಾತ್ರ ಒರಟಾಗಿರುತ್ತದೆ. ಕಾರಣ ಹುಡುಕುವವರು ಇನ್ಸರ್ಟ್ ಬದಲಿಸುತ್ತಾರೆ, ಕೂಲಂಟ್ ನೋಡುತ್ತಾರೆ. ಬರೆಯದೆ ಬಿಟ್ಟ ಒಂದು ಅಕ್ಷರ ಯಾರ ಕಣ್ಣಿಗೂ ಬೀಳುವುದಿಲ್ಲ, ಏಕೆಂದರೆ ಅದು ಅಲ್ಲಿ ಇಲ್ಲ.

ಆದ್ದರಿಂದ ಬೆಲೆ ಒಪ್ಪಿಸುವ ವಿದ್ಯೆಯ ಅರ್ಧಭಾಗ ಒಪ್ಪಿಸದಿದ್ದಾಗಿನ ಏರ್ಪಾಟು. ಪ್ರತಿ ಅಕ್ಷರಕ್ಕೂ ಮ್ಯಾಕ್ರೋ ಬರೆಯುವವರು ಒಂದು ತೀರ್ಮಾನ ಮಾಡಬೇಕು: ಇದು ಇಲ್ಲದೆ ಕೆಲಸ ನಡೆಯಬಾರದೋ, ಇಲ್ಲದಿದ್ದರೆ ವಾಡಿಕೆಯ ಬೆಲೆ ಹಿಡಿಯಬಹುದೋ?

ವಾಡಿಕೆಯ ಬೆಲೆಗೆ ಒಳ್ಳೆಯ ಉದಾಹರಣೆ ಅಂಚು ಮುರಿಯುವ ಚ್ಯಾಂಫರ್. ಅದನ್ನು ಕೆ ಅಕ್ಷರಕ್ಕೆ, ಅಂದರೆ #6ಕ್ಕೆ ಕೊಡೋಣ. ಸಾಧಾರಣವಾಗಿ ಎಲ್ಲ ಬುಷ್‌ಗೂ ಅರ್ಧ ಮಿಲಿಮೀಟರ್ ಸಾಕು:

ಇಫ್ [#6 ಇಕ್ಯೂ #0] ದೆನ್ #6=0.5

ಶಾಪಿನಲ್ಲಿ ಇದರ ಸುತ್ತ ನಡೆಯುವ ಮಾತು ಹೀಗಿರುತ್ತದೆ. “ಅಣ್ಣಾ, ಕೆ ಹಾಕ್ಲೇಬೇಕಾ?” “ಬೇಡ, ಬಿಟ್ಬಿಡು, ಅದೇ ಅರ್ಧ ಹೊಡಿತತೆ. ಡ್ರಾಯಿಂಗ್‌ನಾಗ ಶಾರ್ಪ್ ಅಂತ ಐತೆ ಅಂದ್ರೆ ಕೆ ಸೊನ್ನೆ ಹಾಕು.” ಸೆಟ್ಟರ್ ಅಣ್ಣ ಹೇಳಿದ್ದು ಪೂರ್ತಿ ಸರಿ. ಬಿಟ್ಟರೆ ವಾಡಿಕೆ, ಸೊನ್ನೆ ಬರೆದರೆ ಚ್ಯಾಂಫರ್ ಬೇಡ ಎಂಬ ಸ್ಪಷ್ಟ ಆಜ್ಞೆ. ಆದರೆ ಮ್ಯಾಕ್ರೋ ಬರೆದವರು #0 ಎನ್ನುವ ಬದಲು ಬರೀ 0 ಎಂದು ಬರೆದಿದ್ದರೆ ಎಲ್ಲವೂ ತಿರುವುಮುರುವು: ಕೆ ಸೊನ್ನೆ ಎಂದವರಿಗೆ ಅರ್ಧ ಮಿಲಿಮೀಟರ್ ಸಿಗುತ್ತದೆ, ಬಿಟ್ಟವರಿಗೆ ಏನೂ ಸಿಗುವುದಿಲ್ಲ. ಸ್ಕ್ರೀನಿನ ಮೇಲೆ ನೋಡಿದರೆ ವ್ಯತ್ಯಾಸ ಒಂದೇ ಒಂದು ಚಿಹ್ನೆ.

ಇಲ್ಲದೆ ನಡೆಯಬಾರದ ಬೆಲೆಗಳಿಗೆ ಅಲಾರಂ ಕೂರಿಸಬೇಕು. #3000 ಎಂಬ ಸಿಸ್ಟಂ ವೇರಿಯಬಲ್ಲಿಗೆ 1 ಎಂಬ ಬೆಲೆ ಕೊಟ್ಟರೆ ಯಂತ್ರ 3001 ಎಂಬ ಅಲಾರಂ ತೋರಿಸಿ ನಿಂತುಬಿಡುತ್ತದೆ. ಪಕ್ಕದಲ್ಲಿ 26 ಅಕ್ಷರದೊಳಗೆ ಒಂದು ಸಂದೇಶವನ್ನೂ ಬರೆಯಬಹುದು. ಎ ಖಾಲಿಯೇ, ಬಿ ಖಾಲಿಯೇ, ಡಿ ಖಾಲಿಯೇ ಎಂದು ಒಂದೊಂದಾಗಿ ಕೇಳಿ ನಿಲ್ಲಿಸಬಹುದು. ಹೆಚ್ಚಿನವರು ಮಾಡುವುದು ಹಾಗೆಯೇ. ಅದಕ್ಕಿಂತ ಬಲವಾದ ಒಂದು ದಾರಿ ಇದೆ. ಅದು ಕಂಟ್ರೋಲಿನ ನಿಯಮಗಳಿಂದ ಬಂದದ್ದಲ್ಲ, ಬುಷ್‌ನಿಂದಲೇ ಬಂದದ್ದು.

ಬುಷ್ ಎಂದ ಮೇಲೆ ಐಡಿ ಓಡಿಗಿಂತ ಚಿಕ್ಕದಿರಲೇಬೇಕು. ಓಡಿ ಕಚ್ಚಾ ವ್ಯಾಸಕ್ಕಿಂತ ಚಿಕ್ಕದಿರಲೇಬೇಕು. ಬೋರಿಂಗ್ ಬಾರ್ ಒಳಗೆ ಹೋಗಬೇಕಾದರೆ ಐಡಿ ಬಾರಿಗಿಂತ ದೊಡ್ಡದಿರಲೇಬೇಕು. ನಮ್ಮ ಬಾರಿಗೆ ಕನಿಷ್ಠ 10 ಮಿ.ಮೀ. ತೂತು ಬೇಕು ಎನ್ನೋಣ. ಮೂರು ಸಾಲು:

ಇಫ್ [#2 ಎಲ್‌ಟಿ 10.] ಗೋಟೂ901
ಇಫ್ [#2 ಜಿಇ #1] ಗೋಟೂ902
ಇಫ್ [#1 ಜಿಇ #7] ಗೋಟೂ903

901, 902, 903 ಮೂರೂ ಅಲಾರಂ ಸಾಲುಗಳು. ಈಗ ತಪ್ಪು ಮಾಡಿ ನೋಡಿ. ಎ ಬಿಟ್ಟರೆ #1 ಖಾಲಿ. ದೊಡ್ಡದು ಚಿಕ್ಕದರ ಹೋಲಿಕೆಯಲ್ಲಿ ಅದು ಸೊನ್ನೆ. 40 ಅದಕ್ಕಿಂತ ದೊಡ್ಡದು, ಎರಡನೆಯ ಸಾಲು ಹಿಡಿಯುತ್ತದೆ. ಬಿ ಬಿಟ್ಟರೆ ಮೊದಲ ಸಾಲು, ಡಿ ಬಿಟ್ಟರೆ ಮೂರನೆಯದು. ಇಲ್ಲಿ ಖಾಲಿಯನ್ನು ಸೊನ್ನೆ ಎಂದು ಹಿಡಿಯುವ ಯಂತ್ರದ ಗುಣವೇ ನಮ್ಮ ಕಾವಲಿಗೆ ನಿಲ್ಲುತ್ತದೆ. ಚುಕ್ಕಿ ಮರೆತು ಎ60 ಎಂದು ಬರೆದರೆ #1ರ ಬೆಲೆ 0.06, ಅದನ್ನೂ ಎರಡನೆಯ ಸಾಲು ಹಿಡಿಯುತ್ತದೆ. ಬಿ40 ಎಂದರೆ 0.04, ಮೊದಲನೆಯದು ಹಿಡಿಯುತ್ತದೆ. ಅಲ್ಲಿ 10ರ ಬದಲು ಸೊನ್ನೆಗೆ ಹೋಲಿಸಿದ್ದರೆ ಇದು ತಪ್ಪಿಸಿಕೊಳ್ಳುತ್ತಿತ್ತು. ಎ ಮತ್ತು ಬಿ ಅದಲುಬದಲಾದರೆ, 60ರ ಸರಳು ಹಾಕಿ 65 ಕೇಳಿದರೆ, ಎಲ್ಲಕ್ಕೂ ಇವೇ ಮೂರು ಸಾಲು ಸಾಕು. ಕ್ಯೂಗೂ ಇಂಥದ್ದೇ ಒಂದು: 0.2ಕ್ಕಿಂತ ಕಡಿಮೆ ಇದ್ದರೆ ನಿಲ್ಲಿಸು. ಖಾಲಿ ಕ್ಯೂ, ಸೊನ್ನೆ ಕ್ಯೂ, ಋಣ ಕ್ಯೂ, ಚುಕ್ಕಿ ಮರೆತು 0.002 ಆಗಿ ಎರಡೂವರೆ ಸಾವಿರ ಕಟ್ ಹೊಡೆಯಲು ಹೊರಟ ಕ್ಯೂ, ನಾಲ್ಕೂ ಅದರಲ್ಲಿ ಸಿಕ್ಕಿಬೀಳುತ್ತವೆ. ಯಂತ್ರದ ಪುಸ್ತಕ ಓದಿದವರು ಒಳ್ಳೆಯ ಮ್ಯಾಕ್ರೋ ಬರೆಯುತ್ತಾರೆ. ಜಾಬನ್ನು ಕೈಯಲ್ಲಿ ಹಿಡಿದು ಬಲ್ಲವರು ಅದಕ್ಕಿಂತ ಒಳ್ಳೆಯದನ್ನು ಬರೆಯುತ್ತಾರೆ ಎಂದು ನಾನು ನಂಬಿರುವುದು ಇಂಥ ಕಾರಣಗಳಿಂದ.

ಹೋಲಿಕೆಯ ಮಾತು ಬಂದಾಗ ಇನ್ನೊಂದು. ಲೂಪಿನಲ್ಲಿ ‘ದೊಡ್ಡದಿರುವ ತನಕ’ ಎಂದು ಬರೆದೆವು. ‘ಸಮವಾಗದಿರುವ ತನಕ’ ಎಂದೂ ಬರೆಯಬಹುದಿತ್ತಲ್ಲ? ಬರೆಯಬಾರದು. ಕಂಪ್ಯೂಟರಿನ ದ್ವಿಮಾನ ಅಂಕಿಗಳಲ್ಲಿ 0.1 ಎಂಬುದು ಮುಗಿಯದ ಭಿನ್ನರಾಶಿ, ನಮ್ಮ ದಶಮಾನದಲ್ಲಿ ಮೂರನೇ ಒಂದು ಹೇಗೋ ಹಾಗೆ. ಐವತ್ತು ಸಲ 0.1 ಕಳೆದಾಗ 65 ಕರಾರುವಾಕ್ಕಾಗಿ 60 ಆಗುತ್ತದೆಂಬ ಭರವಸೆಯಿಲ್ಲ. ನಾಲ್ಕನೆಯ ಸಾಲಿನಂಥ ತಡೆ ಇಲ್ಲದಿದ್ದರೆ, ಕೂದಲೆಳೆಯಷ್ಟು ತಪ್ಪಿದರೂ ‘ಸಮ’ ಎಂಬ ಕ್ಷಣ ಬರದೆ ಲೂಪು 60 ದಾಟಿ ಹೋಗುತ್ತದೆ. ಲೆಕ್ಕದಿಂದ ಬಂದ ಬೆಲೆಗಳನ್ನು ಸಮವೇ ಎಂದು ಕೇಳಬೇಡಿ, ದಾಟಿತೇ ಎಂದು ಕೇಳಿ.

ಖಾನೆಗಳ ಆಯುಷ್ಯವೂ ಬೇರೆಬೇರೆ. #1ರಿಂದ #33 ಆ ಒಂದು ಕರೆಗೆ ಮಾತ್ರ. ಒಂದು ಮ್ಯಾಕ್ರೋ ಇನ್ನೊಂದನ್ನು ಕರೆದರೆ ಅದಕ್ಕೆ ತನ್ನದೇ ಹೊಸ ಮೂವತ್ತಮೂರು ಖಾನೆ, ಹಿಂದಿರುಗಿದಾಗ ಹಳೆಯವು ಇದ್ದಂತೆಯೇ ಇರುತ್ತವೆ. ಹೀಗೆ ನಾಲ್ಕು ಮೆಟ್ಟಿಲು ಇಳಿಯಬಹುದು. #100ರಿಂದ ಶುರುವಾಗುವವು ಎಲ್ಲ ಪ್ರೋಗ್ರಾಮುಗಳಿಗೂ ಸಾಮಾನ್ಯ, ಕರೆಂಟ್ ಹೋದರೆ ಖಾಲಿಯಾಗುತ್ತವೆ. #500ರಿಂದ ಮುಂದಿನವು ಯಂತ್ರ ಆರಿಸಿದರೂ ಉಳಿಯುತ್ತವೆ. ಸೀಮನ್ಸ್ ಕಂಟ್ರೋಲಿನಲ್ಲಿ ಈ ಕೆಲಸಕ್ಕೆ ಆರ್-ಪ್ಯಾರಾಮೀಟರುಗಳಿವೆ, ‘ಆರ್1=60’ ಎಂದು ನೇರವಾಗಿ ಬರೆಯುತ್ತಾರೆ. ಓದುವುದಕ್ಕೆ ಸುಲಭ, ಆದರೆ ಅಲ್ಲಿ ಖಾಲಿ ಎಂಬುದಿಲ್ಲ, ಯಾವಾಗಲೂ ಒಂದು ಸಂಖ್ಯೆ ಇದ್ದೇ ಇರುತ್ತದೆ. ಕೊಟ್ಟರೋ ಬಿಟ್ಟರೋ ಎಂದು ತಿಳಿಯಲು ಬೇರೆ ಉಪಾಯ ಮಾಡಬೇಕು.

ಇವೆಲ್ಲಕ್ಕೂ ಫ್ಯಾನಕ್ ಯಂತ್ರದ ‘ಪ್ಯಾರಾಮೀಟರ್’ ಪುಟಕ್ಕೂ ಗೊಂದಲವಾಗಬಾರದು. ಆ ಪುಟದಲ್ಲಿರುವುದು ಯಂತ್ರದ ಸ್ವಭಾವವನ್ನೇ ನಿರ್ಧರಿಸುವ ಬೆಲೆಗಳು. ತಿದ್ದಲು ಅನುಮತಿಯ ಸ್ವಿಚ್ ಹಾಕಿದರೆ ಅಲಾರಂ 100 ಬರುವುದೇ ಎಚ್ಚರಿಸುವುದಕ್ಕೆ. ಮ್ಯಾಕ್ರೋಗೆ ಅಲ್ಲಿಂದಲೂ ಉಪಕಾರವಿದೆ. 6050ನೇ ಪ್ಯಾರಾಮೀಟರಿಗೆ 100 ಎಂದು ಕೊಟ್ಟರೆ, ಅಂದಿನಿಂದ ಜಿ100 ಎಂದು ಬರೆದ ಕೂಡಲೇ ನಮ್ಮ 9010 ಓಡುತ್ತದೆ. ಬುಷ್ ಮಾಡುವುದು ಯಂತ್ರದ ಹುಟ್ಟುಗುಣವೇ ಆದಂತೆ. 9000 ಸರಣಿಯ ಪ್ರೋಗ್ರಾಮುಗಳನ್ನು ಯಾರೂ ತಿದ್ದದಂತೆ ಬೀಗ ಹಾಕುವ ಸೌಲಭ್ಯವೂ ಇದೆ.

ಕೊನೆಯದಾಗಿ, ಖಾಲಿತನವನ್ನು ಬೇಕೆಂದೇ ಬಳಸಿಕೊಳ್ಳುವ ಒಂದು ಕೆಲಸ. ಇನ್ಸರ್ಟು ಸವೆದಂತೆಲ್ಲ ಬುಷ್ ಕೂದಲಿನಷ್ಟು ದಪ್ಪವಾಗುತ್ತ ಹೋಗುತ್ತದೆ. ಆಪರೇಟರ್ ಆಗೊಮ್ಮೆ ಈಗೊಮ್ಮೆ ಮೈಕ್ರೋಮೀಟರ್ ಹಿಡಿದು ನೋಡಿ ಆಫ್‌ಸೆಟ್ ತಿದ್ದಬೇಕು. ಅದನ್ನೇ ಮ್ಯಾಕ್ರೋಗೆ ಒಪ್ಪಿಸಬಹುದು. ಅಳೆದ ವ್ಯಾಸವನ್ನು ಆಪರೇಟರ್ #500ರಲ್ಲಿ ಹಾಕಲಿ, ಹೊರಮೈ ಟೂಲ್ ಮೂರನೆಯದಾದರೆ ಅದರ ಎಕ್ಸ್ ದಿಕ್ಕಿನ ಸವೆತದ ಆಫ್‌ಸೆಟ್ #2003ರಲ್ಲಿ ಇರುತ್ತದೆ:

ಇಫ್ [#500 ಇಕ್ಯೂ #0] ಗೋಟೂ50
ಇಫ್ [ಎಬಿಎಸ್[#500-#1] ಜಿಟಿ 0.1] ಗೋಟೂ904
#2003=#2003-[#500-#1]
#500=#0
ಎನ್50

ಅಳೆದದ್ದು 60.02 ಆದರೆ ಆಫ್‌ಸೆಟ್ 0.02 ಇಳಿಯುತ್ತದೆ, ಮುಂದಿನ ಬುಷ್ 60ಕ್ಕೆ ಬರುತ್ತದೆ. ಮೊದಲ ಎರಡು ಸಾಲು ಇಲ್ಲದಿದ್ದರೆ, ಅಳೆಯದ ದಿನ ಖಾಲಿಯಿಂದ 60 ಕಳೆದು ಋಣ 60 ಬಂದು, ಆಫ್‌ಸೆಟ್ ಒಮ್ಮೆಲೇ 60 ಮಿ.ಮೀ. ಏರಿಬಿಡುತ್ತಿತ್ತು. ಎರಡನೆಯ ಸಾಲು 60.02 ಬದಲು 62.00 ಎಂದು ಒತ್ತಿದ ಕೈತಪ್ಪನ್ನು ಹಿಡಿಯುತ್ತದೆ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. #500 ಕರೆಂಟ್ ಹೋದರೂ ಮರೆಯದ ಖಾನೆ. ಅದನ್ನು ಖಾಲಿ ಮಾಡದೆ ಬಿಟ್ಟರೆ ಅದೇ 60.02 ಪ್ರತಿ ಬುಷ್‌ಗೂ ಮತ್ತೆ ಮತ್ತೆ ಲೆಕ್ಕಕ್ಕೆ ಬರುತ್ತದೆ, ಬುಷ್ ಒಂದೊಂದಕ್ಕೂ 0.02 ಸಣ್ಣದಾಗುತ್ತಾ ಹೋಗುತ್ತದೆ. ಐದನೆಯ ಬುಷ್ ಹೊತ್ತಿಗೆ 0.08 ಕಡಿಮೆ, ಪಂಪಿನ ಗೂಡಿನಲ್ಲಿ ಅದು ಅಲುಗಾಡುತ್ತದೆ. ಅಲ್ಲಿ ಸೊನ್ನೆ ತುಂಬಿದರೂ ಆಗದು: ಮೊದಲ ಸಾಲು ಅದನ್ನು ಖಾಲಿ ಎಂದು ಒಪ್ಪುವುದಿಲ್ಲ, ಎರಡನೆಯ ಸಾಲು ಮುಂದಿನ ಬುಷ್‌ಗೇ ಅಲಾರಂ ಹೊಡೆಯುತ್ತದೆ. #500ಕ್ಕೆ #0 ಅನ್ನೇ ಕೊಡಬೇಕು.